ಸಿಂಹಳದ ಚಹದ ಬೆಟ್ಟಗಳೂ ಕಾಲ್ನಡೆಯ ಹಾದಿಗಳೂ

ಸಿಂಹಳದ್ವೀಪದ ನಡುನಾಡು ಬೆಟ್ಟಗಳ ಸೀಮೆ. ಕಂಡಿ ನಗರದಿಂದ ದಕ್ಷಿಣಕ್ಕೆ ನುವರ ಎಳಿಯದವರೆಗೂ, ಅಲ್ಲಿಂದ ಪೂರ್ವಕ್ಕೆ ಹಪುತಳೆ, ಬದುಳ್ಳಗಳವರೆಗೂ ಹಬ್ಬಿರುವ ಈ ಮಲೆಗಳು ಲೋಕಕ್ಕೆಲ್ಲ ಚಹದ ಬೆಟ್ಟಗಳೆಂದೇ ಪರಿಚಿತವಾಗಿವೆ. ಇವನ್ನು ಕಾಣಬಯಸುವ ಪಥಿಕನಿಗೆ ಹೆಚ್ಚಿನ ದ್ರವ್ಯವೇನೂ ಬೇಕಾಗಿಲ್ಲ. ಮೂರನೆಯ ತರಗತಿಯ ರೈಲು ಚೀಟಿ, ಹಳ್ಳಿಯ ಬಸ್ಸು, ದಾರಿಬದಿಯ ಅಂಗಡಿಯಲ್ಲಿ ದೊರೆಯುವ ತೆಂಗಿನತುರಿ ಬೆರೆಸಿ ತಟ್ಟಿದ ರೊಟ್ಟಿ, ಅದರೊಡನೆ ಖಾರದ ಚಟ್ನಿ, ಬೆಲ್ಲದ ಚೂರನ್ನು ಕಡಿದುಕೊಂಡು ಕುಡಿಯುವ ಹಾಲಿಲ್ಲದ ಚಹ, ಇವುಗಳ ಮೇಲೆ ಗಟ್ಟಿಯಾದ ಎರಡು ಕಾಲುಗಳು: ಇಷ್ಟಿದ್ದರೆ ಸಾಕು. ಕಂಡಿಯ ಬಳಿಯ ಹಂತಾನ ಬೆಟ್ಟದಿಂದ ಹೊರಟು ಹ್ಯಾಟನ್, ಹಪುತಳೆ, ಎಲ್ಲ ಎಂಬ ಊರುಗಳನ್ನು ಬಳಸಿ ನುವರ ಎಳಿಯವನ್ನು ಸೇರುವ, ೨೨ ಹಂತಗಳ, ಸುಮಾರು ೩೦೦ ಕಿಲೋಮೀಟರಿನ ಒಂದು ಕಾಲುಹಾದಿಯು ೨೦೨೩ರಲ್ಲಿ ಪ್ರವಾಸಿಗಳಿಗಾಗಿ ತೆರೆಯಿತು. ಚಹದ ಕುಡಿಯೆಲೆಗೆ ಸಂಬಂಧಿಸಿದ ಚೀಣೀ ಮೂಲದ ಶಬ್ದವೊಂದನ್ನು ಹಿಡಿದು ಅದಕ್ಕೆ ಪೆಕೋ ಹಾದಿಯೆಂದು ಹೆಸರಿಟ್ಟಿದ್ದಾರೆ. ಆದರೆ ಈ ಹಾದಿಯ ಬಹುಭಾಗವು ಹೊಸದಾಗಿ ಕಡಿದುದಲ್ಲ. ತೋಟದವರು ತಲೆಮಾರುಗಳಿಂದ ತುಳಿದ ದಾರಿಗಳನ್ನೇ ಒಂದಕ್ಕೊಂದು ಕೂಡಿಸಿದ್ದು. ಹಾದಿಯು ಹಳೆಯದೆಂದ ಮೇಲೆ, ಅದನ್ನು ಮೊದಲು ತುಳಿದವರು ಯಾರು, ಏತಕ್ಕಾಗಿ ತುಳಿದರು ಎಂಬ ಪ್ರಶ್ನೆಗಳು ಏಳುವುದು ಸಹಜ.

ಈ ಬೆಟ್ಟಗಳಿಗೆ ಚಹ ಬರುವುದಕ್ಕೆ ಬಹುಕಾಲ ಮುಂಚೆಯೇ ಯಾತ್ರಿಕರು ಬಂದಿದ್ದರು. ೨,೨೪೩ ಮೀಟರು ಎತ್ತರದ ಶ್ರೀಪಾದ ಶಿಖರದ ಮೇಲಿರುವ ಹೆಜ್ಜೆಯ ಗುರುತನ್ನು ಬೌದ್ಧರು ಬುದ್ಧನದೆಂದೂ, ಶೈವರು ಶಿವನದೆಂದೂ, ಮುಸಲ್ಮಾನರು ಆದಿಪುರುಷನಾದ ಆದಮನದೆಂದೂ ನಂಬಿ ಕೈಮುಗಿಯುತ್ತಾರೆ. ಒಂದನೆಯ ವಿಜಯಬಾಹು ಎಂಬ ಅರಸನು ಈ ಯಾತ್ರೆಯ ಹಾದಿಯಲ್ಲಿ ನಡೆಯುವವರ ಅನ್ನಾಶ್ರಯಗಳಿಗಾಗಿ ಮಾಡಿದ ದತ್ತಿಯ ವಿಷಯವು ಅಂಬಗಮುವದ ಶಾಸನದಲ್ಲಿದೆ. ಅರಬ್ಬೀ ಪ್ರವಾಸಿ ಇಬ್ನ್ ಬತೂತನು ೧೩೪೪ರಲ್ಲಿ ಈ ಶಿಖರವನ್ನೇರಿದನು. ಕಡಿದಾದ ಎಡೆಗಳಲ್ಲಿ ಹಿಡಿದು ಹತ್ತಲು ಕಬ್ಬಿಣದ ಸರಪಳಿಗಳಿದ್ದುದನ್ನು ಅವನು ಬರೆದಿಟ್ಟಿದ್ದಾನೆ. ನಮ್ಮ ನಾಡಿನ ಅರವಟ್ಟಿಗೆ, ಛತ್ರಗಳಂತೆ ಅಲ್ಲಿಯೂ ಅಂಬಲಮವೆಂಬ ತಂಗುಮನೆಗಳು ಹಾದಿಗಳುದ್ದಕ್ಕೂ ಇದ್ದುವು. ಕಾಸಿಲ್ಲದವನೂ ಬೆಟ್ಟವನ್ನೇರಬಹುದೆಂಬ ಏರ್ಪಾಡು ಅಲ್ಲಿ ಹೊಸದಲ್ಲ. ಅದಕ್ಕೆ ಒಂಬೈನೂರು ವರ್ಷಗಳಷ್ಟಾದರೂ ವಯಸ್ಸಾಗಿದೆ.

ಆಂಗ್ಲರು ಕಂಡಿಯ ರಾಜ್ಯವನ್ನು ವಶಪಡಿಸಿಕೊಂಡದ್ದು ೧೮೧೫ರಲ್ಲಿ. ಅಲ್ಲಿಯವರೆಗೆ ಕಂಡಿಯ ಅರಸರು ಕಾಡನ್ನೇ ಕೋಟೆಯಾಗಿ ನಂಬಿ, ಪರದೇಶದ ಸೈನ್ಯವು ಬಾರದಿರಲೆಂದು ಹಾದಿಗಳನ್ನು ಕಿರಿದಾಗಿಯೇ ಉಳಿಸಿಕೊಂಡಿದ್ದರು. ಹೊಸ ಪ್ರಭುಗಳು ಇದಕ್ಕೆ ವಿರುದ್ಧವಾದ ಮಾರ್ಗವನ್ನು ಹಿಡಿದರು. ಗವರ್ನರ್ ಎಡ್ವರ್ಡ್ ಬಾರ್ನ್ಸ್‌ನ ಆಳಿಕೆಯಲ್ಲಿ, ೧೮೨೦ರ ದಶಕದಲ್ಲಿ, ಕೊಲಂಬೊದಿಂದ ಕಂಡಿಗೆ ಬಂಡಿಯ ರಸ್ತೆಯಾಯಿತು. ಅರಸನ ಕಾಲದ ರಾಜಕಾರಿಯವೆಂಬ ಬಿಟ್ಟಿಯ ಪದ್ಧತಿಯನ್ನೇ ಆಂಗ್ಲರು ಮುಂದುವರಿಸಿ ಹಳ್ಳಿಗರಿಂದ ಬಂಡೆಯನ್ನು ಒಡೆಯಿಸಿದರು. ಆ ಪದ್ಧತಿಯು ರದ್ದಾದುದು ೧೮೩೨ರಲ್ಲಿ. ಅಷ್ಟರೊಳಗೆ ರಸ್ತೆಯ ಕೆಲಸ ಮುಗಿದಿದ್ದಿತು.

ರಸ್ತೆಯ ಹಿಂದೆಯೇ ಕಾಫಿಯು ಬಂದಿತು. ಗಂಪೊಳದ ಸುತ್ತಿನಲ್ಲಿ ೧೮೨೦ರ ದಶಕದಲ್ಲಿ ಮೊದಲಾದ ತೋಟಗಳು ೧೮೪೦ರ ಹೊತ್ತಿಗೆ ಬೆಟ್ಟದಿಂದ ಬೆಟ್ಟಕ್ಕೆ ಹಬ್ಬತೊಡಗಿದುವು. ಒಡೆತನದ ಪತ್ರವಿಲ್ಲದ ಕಾಡು, ಬಂಜರುಗಳೆಲ್ಲ ಸರಕಾರದ ಸ್ವತ್ತೆಂದು ೧೮೪೦ರ ಕಾನೂನು ಸಾರಿತು. ಕಾಡನ್ನು ಕಡಿದು ಸುಟ್ಟು ಸರದಿಯಂತೆ ಬಿತ್ತುತ್ತಿದ್ದ ಸಿಂಹಳದ ಒಕ್ಕಲಿಗನ ಬಳಿ ಪತ್ರವೆಲ್ಲಿಯದು? ತನ್ನ ಅಜ್ಜನ ಕಾಡು ಪರರ ತೋಟವಾದುದನ್ನು ಅವನು ಗದ್ದೆಯ ಬದುವಿನಲ್ಲಿ ನಿಂತು ನೋಡಬೇಕಾಯಿತು. ಅಂತಹ ತೋಟದಲ್ಲಿ ಕೂಲಿಗೆ ನಿಲ್ಲಲು ಅವನ ಮನಸ್ಸು ಒಪ್ಪಲಿಲ್ಲ. ಆದುದರಿಂದ ತೋಟದ ದೊರೆಗಳು ಸಮುದ್ರದಾಚೆಯ ತಮಿಳುನಾಡಿನ ಕಡೆಗೆ ತಿರುಗಿದರು.

ತಿರುಚಿನಾಪಳ್ಳಿ, ಮಧುರೆ, ತಂಜಾವೂರು, ಸೇಲಂ, ರಾಮನಾಥಪುರ ಸೀಮೆಗಳಿಂದ ಬಂದ ಈ ಜನರ ನಡಿಗೆಯೇ ಚಹದ ಬೆಟ್ಟಗಳ ಚರಿತ್ರೆಯ ಮುಖ್ಯ ಅಧ್ಯಾಯ. ಬರಗಾಲದಿಂದಲೂ ಸಾಲದಿಂದಲೂ ಬಳಲಿದ ಊರುಗಳಿಗೆ ಕಂಗಾಣಿಯು ಬರುತ್ತಿದ್ದನು. ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲಿ ಮೇಸ್ತ್ರಿಯೆಂದು ಕರೆಯಲ್ಪಡುವವನ ಸ್ಥಾನವೇ ಅವನದು. ಮುಂಗಡ ಹಣವನ್ನು ಕೊಟ್ಟು, ಅದನ್ನು ಆಳಿನ ಹೆಸರಿಗೆ ಸಾಲವಾಗಿ ಬರೆದು, ಅವನು ತಂಡವನ್ನು ಕರೆದೊಯ್ಯುತ್ತಿದ್ದನು. ಊರಿನಿಂದ ಕರಾವಳಿಯವರೆಗೆ ಕಾಲ್ನಡಿಗೆ. ದೋಣಿಯಲ್ಲಿ ಮನ್ನಾರಿನ ದಡ. ಅಲ್ಲಿಂದ ನೀರಿಲ್ಲದ, ಜನವಸತಿ ವಿರಳವಾದ ಕಾಡಿನೊಳಗೆ ಮಾತಳೆಯವರೆಗೆ ಸುಮಾರು ನೂರೈವತ್ತು ಮೈಲಿ ಮತ್ತೆ ಕಾಲ್ನಡಿಗೆ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಮಗು. ವಾಂತಿಭೇದಿ, ಆಮಶಂಕೆ, ಸಿಡುಬು, ಜ್ವರಗಳಿಗೆ ಸಿಕ್ಕಿದವರು ಹಾದಿಯಲ್ಲಿಯೇ ಉಳಿದರು. ತಂಡವು ಮುಂದೆ ಹೋಯಿತು. ಸತ್ತವರ ಸಂಖ್ಯೆಯ ವಿಷಯವಾಗಿ ೧೮೪೯ರಲ್ಲಿಯೇ ಕೊಲಂಬೊದ ಪತ್ರಿಕೆಯಲ್ಲಿ ಕಟುವಾದ ಚರ್ಚೆ ನಡೆಯಿತು. ತೀರ್ಥಯಾತ್ರಿಕನ ಹಾದಿಯಲ್ಲಿ ಅರಸನು ಅನ್ನವನ್ನಿಟ್ಟಿದ್ದನು. ಕೂಲಿಗಳ ಹಾದಿಯಲ್ಲಿ ಆಶ್ರಯವೂ ಔಷಧವೂ ಏರ್ಪಡಲು ದಶಕಗಳು ಹಿಡಿದುವು.

ಆದರೂ ಕಾಫಿಯ ಕಾಲದ ಈ ನಡಿಗೆಗೆ ಹಿಂದಿರುಗುವಿಕೆಯೊಂದಿದ್ದಿತು. ಕಾಫಿಯ ಕೊಯ್ಲು ವರ್ಷಕ್ಕೆ ಕೆಲವೇ ತಿಂಗಳುಗಳದು. ಅದು ತೀರಿದೊಡನೆ ಬಹುಮಂದಿ ಬಂದ ಹಾದಿಯಲ್ಲಿಯೇ ನಡೆದು ತಮ್ಮ ಊರಿನ ಬೇಸಾಯಕ್ಕೆ ಮರಳುತ್ತಿದ್ದರು. ಈ ಕ್ರಮವನ್ನು ಮುರಿದದ್ದು ಒಂದು ಬೂಷ್ಟು. ೧೮೬೯ರಲ್ಲಿ ಕಾಫಿಯ ಎಲೆಗಳಡಿಯಲ್ಲಿ ಕಿತ್ತಳೆ ಬಣ್ಣದ ಪುಡಿಯು ಕಾಣಿಸಿಕೊಂಡಿತು. ಕೊಡಗು, ಚಿಕ್ಕಮಗಳೂರುಗಳ ಬೆಳೆಗಾರರಿಗೂ ಚೆನ್ನಾಗಿ ಪರಿಚಿತವಾದ ಎಲೆತುಕ್ಕಿನ ರೋಗವೇ ಅದು. ಎಲೆಯುದುರಿದ ಗಿಡ ಕಾಯಿ ಕಟ್ಟಲಿಲ್ಲ. ಹದಿನೈದು ಇಪ್ಪತ್ತು ವರ್ಷಗಳೊಳಗೆ ಸಿಂಹಳದ ಕಾಫಿಯು ಹೇಳಹೆಸರಿಲ್ಲದಂತಾಯಿತು. ತೋಟದ ದೊರೆಗಳು ಅನೇಕರು ದಿವಾಳಿಯೆದ್ದರು.

ಇದಕ್ಕೆ ಪರಿಹಾರವು ಒಂದು ಮೂಲೆಯ ತೋಟದಲ್ಲಿ ಮೊದಲೇ ಸಿದ್ಧವಾಗುತ್ತಿದ್ದಿತು. ಸ್ಕಾಟ್ಲೆಂಡಿನ ಜೇಮ್ಸ್ ಟೇಲರ್ ಎಂಬವನು ೧೮೫೨ರಲ್ಲಿ, ಹದಿಹರೆಯದಲ್ಲಿಯೇ, ಈ ದ್ವೀಪಕ್ಕೆ ಬಂದು, ಕಂಡಿಯ ಆಗ್ನೇಯಕ್ಕಿರುವ ಲೂಲೆಕಂದೆರ ತೋಟದಲ್ಲಿ ನೆಲೆಸಿದನು. ೧೮೬೭ರಲ್ಲಿ ಅವನು ೧೯ ಎಕರೆ ನೆಲದಲ್ಲಿ ಚಹದ ಗಿಡಗಳನ್ನು ನೆಡಿಸಿದನು. ಕೊಯ್ದ ಎಲೆಗಳನ್ನು ಮೊದಮೊದಲು ತನ್ನ ಮನೆಯ ಜಗಲಿಯಲ್ಲಿಯೇ ಕೈಯಿಂದ ಹೊಸೆಯಿಸಿ ಹದಮಾಡಿಸಿದನು. ೧೮೯೨ರಲ್ಲಿ ಆಮಶಂಕೆಯಿಂದ ಮೃತನಾಗುವವರೆಗೂ ಅವನು ಆ ತೋಟದಲ್ಲಿಯೇ ಬಾಳಿದನು. ಅವನ ಬೀಡಿನ ಅವಶೇಷಗಳೂ, ಅವನು ಕುಳಿತು ಕಣಿವೆಯನ್ನು ನೋಡುತ್ತಿದ್ದನೆನ್ನುವ ಕಲ್ಲಿನ ಪೀಠವೂ ಇಂದಿನ ಪಥಿಕನಿಗೆ ಕಾಣಸಿಗುತ್ತವೆ. ೧೮೭೫ರಲ್ಲಿ ದ್ವೀಪದಲ್ಲೆಲ್ಲ ಸುಮಾರು ಒಂದು ಸಾವಿರ ಎಕರೆಯಷ್ಟೇ ಇದ್ದ ಚಹವು ಇಪ್ಪತ್ತೇ ವರ್ಷಗಳಲ್ಲಿ ಮೂರು ಲಕ್ಷ ಎಕರೆಗಳಿಗೆ ವ್ಯಾಪಿಸಿತು.

ಈ ಬದಲಾವಣೆಯು ಕೂಲಿಗಳ ಬಾಳಿನಲ್ಲಿ ಮಾಡಿದ ಪರಿಣಾಮವು ಗಮನಾರ್ಹವಾದುದು. ಚಹಕ್ಕೆ ಸುಗ್ಗಿಯೆಂಬುದಿಲ್ಲ. ಎರಡು ಎಲೆ, ಒಂದು ಕುಡಿ. ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ, ವರ್ಷದುದ್ದಕ್ಕೂ ಚಿವುಟುತ್ತಲೇ ಇರಬೇಕು. ಚಿವುಟುವ ಕೆಲಸಕ್ಕೆ ಹೆಂಗಸರ ಕೈಯೇ ತಕ್ಕುದೆಂದು ದೊರೆಗಳು ಬಗೆದರು. ಹೀಗಾಗಿ ಗಂಡಸು ಮಾತ್ರ ಬಂದು ಮರಳುವುದು ನಿಂತು ಸಂಸಾರಗಳೇ ಬಂದು ನೆಲೆಯೂರಿದುವು. ಒಂದೇ ಗೋಡೆಗೆ ಸಾಲಾಗಿ ಕೋಣೆಗಳನ್ನು ಹೊಂದಿಸಿದ ಲೈನುಮನೆಗಳೆದ್ದುವು. ಒಂದು ಸಂಸಾರಕ್ಕೆ ಒಂದು ಕೋಣೆ. ಬೆಟ್ಟದ ತಿರುವಿನಲ್ಲಿ ಮಾರಿಯಮ್ಮನ ಗುಡಿಯಾಯಿತು. ೧೯೧೪ರಲ್ಲಿ ಧನುಷ್ಕೋಟಿಗೂ ತಲೈಮನ್ನಾರಿಗೂ ನಡುವೆ ಹಡಗು ಹೂಡಿ ಎರಡೂ ದಡಗಳ ರೈಲುಗಳನ್ನು ಕೂಡಿಸಿದ ಮೇಲೆ ಬರುವವರಿಗೆ ಹಳೆಯ ಕಾಡುಹಾದಿಯ ಅಗತ್ಯವಿಲ್ಲದೆ ಹೋಯಿತು. ಆದರೆ ಹಿಂದಿರುಗುವವರ ಸಂಖ್ಯೆ ಕುಗ್ಗುತ್ತ ಬಂದಿತು. ಮೊಮ್ಮಕ್ಕಳಿಗೆ ತಮಿಳುನಾಡಿನ ಊರು ಅಜ್ಜಿ ಹೇಳಿದ ಹೆಸರು ಮಾತ್ರ.

ಈ ನೆಲೆಯೂ ಸ್ಥಿರವಾಗಲಿಲ್ಲ. ಸಿಂಹಳವು ಸ್ವತಂತ್ರವಾದ ವರ್ಷವೇ, ೧೯೪೮ರ ಪೌರತ್ವದ ಕಾನೂನು ಇವರಲ್ಲಿ ಬಹುಮಂದಿಯನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. ಮರುವರ್ಷ ಮತದಾನದ ಹಕ್ಕೂ ಹೋಯಿತು. ೧೯೬೪ರ ಅಕ್ಟೋಬರಿನಲ್ಲಿ ಲಾಲ್ ಬಹದೂರ್ ಶಾಸ್ತ್ರಿಗಳೂ ಸಿರಿಮಾವೊ ಬಂಡಾರನಾಯಕೆಯವರೂ ಮಾಡಿಕೊಂಡ ಒಪ್ಪಂದದಂತೆ ೫,೨೫,೦೦೦ ಮಂದಿಯನ್ನು ಭಾರತವೂ ೩,೦೦,೦೦೦ ಮಂದಿಯನ್ನು ಸಿಂಹಳವೂ ತಮ್ಮವರೆಂದು ಸ್ವೀಕರಿಸತಕ್ಕುದೆಂದಾಯಿತು. ಉಳಿದ ಒಂದೂವರೆ ಲಕ್ಷ ಮಂದಿಯನ್ನು ೧೯೭೪ರಲ್ಲಿ ಸಮಭಾಗ ಮಾಡಿಕೊಂಡರು. ಹಂಚಲ್ಪಟ್ಟವರನ್ನು ಕೇಳಿ ಈ ಲೆಕ್ಕವನ್ನು ಮಾಡಿದುದಲ್ಲ. ಒಂದೇ ಲೈನುಮನೆಯ ಅಣ್ಣನು ಒಂದು ದೇಶಕ್ಕೂ ತಮ್ಮನು ಇನ್ನೊಂದು ದೇಶಕ್ಕೂ ಸೇರಿದುದುಂಟು.

ಈ ಕಥೆಯ ಒಂದು ಕವಲು ಕನ್ನಡ ನಾಡಿಗೂ ಬಂದಿದೆ. ಹಿಂದಿರುಗಿದವರಲ್ಲಿ ಹಲವರಿಗೆ ನೀಲಗಿರಿಯ ಸರಕಾರಿ ಚಹದ ತೋಟಗಳಲ್ಲಿ ಕೆಲಸ ದೊರೆತಂತೆ, ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ತಾಲೂಕುಗಳಲ್ಲಿ ಕರ್ನಾಟಕದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿಯೂ ದೊರೆಯಿತು. ಚಹದ ಕುಡಿಯನ್ನು ಚಿವುಟಿದ ಕೈಗಳು ಇಲ್ಲಿ ನಸುಕಿನಲ್ಲಿಯೇ ಎದ್ದು ರಬ್ಬರಿನ ಹಾಲನ್ನಿಳಿಸಲು ಕಲಿತುವು. ಅವರ ಮಕ್ಕಳು ಮನೆಯಲ್ಲಿ ತಮಿಳನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುತ್ತ ಬೆಳೆದರು. ಸುಳ್ಯದ ದಾರಿಯಲ್ಲಿ ಆ ಮರಗಳ ಸಾಲನ್ನು ಕಾಣುವವರು, ಅದು ಮನ್ನಾರಿನ ದಡದಲ್ಲಿ ಮೊದಲಾದ ನಡಿಗೆಯ ಕೊನೆಯ ಹಂತಗಳಲ್ಲೊಂದೆಂದು ತಿಳಿಯಬಹುದು.

ಸಿಂಹಳದಲ್ಲಿಯೇ ಉಳಿದವರಿಗೆ ೨೦೦೩ರ ಕಾನೂನಿನಿಂದ ಪೌರತ್ವದ ಬಹುಕಾಲದ ಕೊರತೆ ನೀಗಿತು. ದೀರ್ಘಕಾಲದ ಹೋರಾಟದ ಮೇಲೆ ೨೦೨೧ರಲ್ಲಿ ದಿನಗೂಲಿಯು ಅಲ್ಲಿನ ಒಂದು ಸಾವಿರ ರೂಪಾಯಿಯೆಂದು ನಿಗದಿಯಾಯಿತು. ತಮ್ಮ ಹಿರಿಯರು ಬಂದು ಇನ್ನೂರು ವರ್ಷಗಳಾದ ನೆನಪಿಗೆ ೨೦೨೩ರಲ್ಲಿ ಅವರು ಒಂದು ಪಾದಯಾತ್ರೆಯನ್ನು ಕೈಗೊಂಡರು. ತಲೈಮನ್ನಾರಿನ ಕಡಲದಡದಿಂದ ಹೊರಟು, ಹಿರಿಯರು ಬಿದ್ದು ಎದ್ದು ನಡೆದ ಹಾದಿಯನ್ನೇ ಅನುಸರಿಸಿ, ಮಾತಳೆಯವರೆಗೂ ನಡೆದರು. ಮನೆ, ನೆಲ, ಸಮಾನವಾದ ಪೌರಜೀವನ ಇವುಗಳನ್ನು ಹಾದಿಯುದ್ದಕ್ಕೂ ಬೇಡುತ್ತ ಹೋದರು.

ಪ್ರವಾಸಿಗಳ ಪೆಕೋ ಹಾದಿಯು ತೆರೆದುದೂ ಅದೇ ವರ್ಷದಲ್ಲಿಯೇ. ಎರಡು ನಡಿಗೆಗಳ ಉದ್ದೇಶವೂ ಬೇರೆ, ಹೊರೆಯೂ ಬೇರೆ; ನೆಲ ಮಾತ್ರ ಒಂದೇ ಚರಿತ್ರೆಯದು. ಅಲ್ಪವ್ಯಯದಲ್ಲಿ ಕಾಲ್ನಡೆಯಿಂದ ಹೋಗುವವನಿಗೆ ಬಂಡಿಯಲ್ಲಿ ಹೋಗುವವನಿಗಿಲ್ಲದ ಒಂದು ಅನುಕೂಲವಿದೆ. ಅವನು ಲೈನುಮನೆಯ ಬಾಗಿಲ ಮುಂದೆಯೇ ಹಾದುಹೋಗಬೇಕು. ದಾರಿಯನ್ನು ಅಲ್ಲಿಯವರನ್ನೇ ಕೇಳಬೇಕು. ಅವರ ಅಂಗಡಿಯ ರೊಟ್ಟಿಯನ್ನೇ ತಿನ್ನಬೇಕು. ದಾರಿ ಕೇಳುವಾಗ ಊರನ್ನೂ ಕೇಳಿದರೆ, ತಮ್ಮ ಅಜ್ಜ ಯಾವ ಸೀಮೆಯಿಂದ ನಡೆದು ಬಂದನೆಂಬುದನ್ನು ಹೇಳುವವರು ಅಲ್ಲಿ ಇನ್ನೂ ಇದ್ದಾರೆ.