ಆಫೀಸಿನಲ್ಲಿ ಒಳ್ಳೆಯವರಿಗೆ ಕಾಲವಿಲ್ಲವೇ? ಆಟ ಆಡಿಸಿ ನೋಡಿದಾಗ ಸಿಕ್ಕ ಉತ್ತರ

“ಆಫೀಸು ಒಂದು ಚದುರಂಗ. ಒಳ್ಳೆಯವರಿಗೆ ಇಲ್ಲಿ ಕಾಲವಿಲ್ಲ. ಎದುರಿನವರು ಹೊಡೆಯುವ ಮೊದಲೇ ನೀವು ಹೊಡೆಯಿರಿ.” ಈ ಧಾಟಿಯ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬರುತ್ತಲೇ ಇರುತ್ತವೆ. ಬಡ್ತಿ ಕೈತಪ್ಪಿದವರಿಗೆ, ತಾವು ಮಾಡಿದ ಕೆಲಸಕ್ಕೆ ಬೇರೆಯವರು ಹೆಸರು ಪಡೆದದ್ದನ್ನು ಕಂಡವರಿಗೆ ಇದು ನಿಜವೆಂದೇ ಅನಿಸುತ್ತದೆ. ಆದರೆ ಈ ಮಾತನ್ನು ಆಟದ ಮೂಲಕವೇ ಪರೀಕ್ಷಿಸಿದವರಿದ್ದಾರೆ. ಫಲಿತಾಂಶ ಏನು ಬಂತು, ನೋಡೋಣ.

ಆಫೀಸು ಚದುರಂಗವಲ್ಲ, ಏಕೆ?

ಚದುರಂಗದಲ್ಲಿ ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಲೇಬೇಕು. ಆಫೀಸಿನಲ್ಲಿ ಹಾಗಲ್ಲ. ಇಬ್ಬರೂ ಗೆಲ್ಲಬಹುದು, ಇಬ್ಬರೂ ಮುಳುಗಲೂಬಹುದು. ಇದಕ್ಕೆ ಹೆಚ್ಚು ಹೊಂದುವ ಆಟದ ಹೆಸರು ‘ಕೈದಿಗಳ ಸಂದಿಗ್ಧ’. 1950ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಮೆರಿಲ್ ಫ್ಲಡ್ ಮತ್ತು ಮೆಲ್ವಿನ್ ಡ್ರೆಶರ್ ಇದನ್ನು ರೂಪಿಸಿದರು. ಅದಕ್ಕೆ ಕೈದಿಗಳ ಕಥೆ ಸೇರಿಸಿದವರು ಗಣಿತಜ್ಞ ಆಲ್ಬರ್ಟ್ ಟಕ್ಕರ್.

ಅದನ್ನೇ ನಾವು ಆಫೀಸಿಗೆ ತಂದು ನೋಡೋಣ. ಇಬ್ಬರು ಸಹೋದ್ಯೋಗಿಗಳು ಸೇರಿ ಒಂದು ರಿಪೋರ್ಟ್ ಮಾಡಿದ್ದಾರೆ. ಮ್ಯಾನೇಜರ್ ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದು ಕೇಳುತ್ತಾರೆ.

• ಇಬ್ಬರೂ “ಸೇರಿ ಮಾಡಿದೆವು” ಎಂದರೆ ತಲಾ 3 ಅಂಕ.
• ಒಬ್ಬರು “ಎಲ್ಲಾ ನಾನೇ ಮಾಡಿದ್ದು” ಎಂದು, ಇನ್ನೊಬ್ಬರು “ಸೇರಿ ಮಾಡಿದೆವು” ಎಂದರೆ ಮೊದಲಿನವರಿಗೆ 5, ಎರಡನೆಯವರಿಗೆ 0.
• ಇಬ್ಬರೂ “ನಾನೇ” ಎಂದರೆ ಮ್ಯಾನೇಜರ್ ಯಾರನ್ನೂ ನಂಬುವುದಿಲ್ಲ. ತಲಾ 1 ಅಂಕ.

ಒಂದೇ ಸಲ ಆಡುವುದಾದರೆ “ನಾನೇ” ಎನ್ನುವುದೇ ಲಾಭ. ಫಾರ್ವರ್ಡ್ ಸಂದೇಶದ ಲೆಕ್ಕ ಇಷ್ಟಕ್ಕೇ ನಿಂತುಬಿಡುತ್ತದೆ. ಆದರೆ ಸಹೋದ್ಯೋಗಿಯ ಮುಖವನ್ನು ನಾಳೆಯೂ ನೋಡಬೇಕಲ್ಲ!

ಪಂದ್ಯದಲ್ಲಿ ಗೆದ್ದವರು ಯಾರು?

ಮಿಷಿಗನ್ ವಿಶ್ವವಿದ್ಯಾಲಯದ ರಾಜಕೀಯ ವಿಜ್ಞಾನಿ ರಾಬರ್ಟ್ ಆಕ್ಸೆಲ್‌ರಾಡ್ ಇದನ್ನು ಕಂಪ್ಯೂಟರ್ ಪಂದ್ಯವಾಗಿ ನಡೆಸಿ, 1980ರಲ್ಲಿ ಫಲಿತಾಂಶ ಪ್ರಕಟಿಸಿದರು. ತಜ್ಞರು 14 ತಂತ್ರಗಳನ್ನು ಕಳಿಸಿದ್ದರು. ಪ್ರತಿ ಜೋಡಿ 200 ಸುತ್ತು ಆಡಬೇಕಿತ್ತು. ಕಪಟ ತಂತ್ರಗಳೂ ಕಣದಲ್ಲಿದ್ದವು. ಗೆದ್ದದ್ದು ಮಾತ್ರ ಎಲ್ಲಕ್ಕಿಂತ ಸರಳವಾದ ತಂತ್ರ. ಅನಟೋಲ್ ರಾಪಪೋರ್ಟ್ ಕಳಿಸಿದ ಅದರ ಹೆಸರು ‘ಟಿಟ್ ಫಾರ್ ಟ್ಯಾಟ್’, ನಮ್ಮ ಮಾತಿನಲ್ಲಿ ಮುಯ್ಯಿಗೆ ಮುಯ್ಯಿ. ಮೊದಲ ಸುತ್ತಿನಲ್ಲಿ ಸಹಕರಿಸು, ಆಮೇಲೆ ಎದುರಿನವರು ಹಿಂದಿನ ಸುತ್ತಿನಲ್ಲಿ ಮಾಡಿದ್ದನ್ನೇ ಮಾಡು. ಇಷ್ಟೇ ಅದರ ನಿಯಮ.

ಎರಡನೇ ಪಂದ್ಯಕ್ಕೆ 62 ತಂತ್ರಗಳು ಬಂದವು. ಮತ್ತೆ ಗೆದ್ದದ್ದು ಅದೇ. ಮೊದಲ ಪಂದ್ಯದ ಮೊದಲ ಎಂಟು ಸ್ಥಾನಗಳೂ ತಾವಾಗಿ ಮೋಸ ಶುರುಮಾಡದ ತಂತ್ರಗಳಿಗೇ ಸಿಕ್ಕಿದ್ದವು. ಇನ್ನೊಂದು ಸ್ವಾರಸ್ಯ: ಈ ತಂತ್ರ ಯಾವ ಎದುರಾಳಿಗಿಂತಲೂ ಹೆಚ್ಚು ಅಂಕ ಗಳಿಸಲು ಸಾಧ್ಯವೇ ಇಲ್ಲ. ಹೆಚ್ಚೆಂದರೆ ಸಮ. ಯಾರನ್ನೂ ಸೋಲಿಸದೆಯೇ ಅದು ಒಟ್ಟು ಅಂಕದಲ್ಲಿ ಮೊದಲ ಸ್ಥಾನಕ್ಕೆ ಬಂತು.

ಹಾಗಾದರೆ ಸುಮ್ಮನೆ ಸಹಿಸಿಕೊಳ್ಳಬೇಕೇ?

ಖಂಡಿತ ಇಲ್ಲ. ಏನಾದರೂ ಸಹಕರಿಸುತ್ತಲೇ ಇರುವವರನ್ನು ಕಪಟಿಗಳು ಸುಲಿಯುತ್ತಾರೆ. ಆಟ ಹೇಳುವ ಪಾಠ ನಾಲ್ಕು.

1. ಮೊದಲು ನೀವೇ ಒಳ್ಳೆಯದು ಮಾಡಿ. ಮೇಲ್‌ನಲ್ಲಿ ಜೊತೆಗಾರರ ಹೆಸರು ಹಾಕಿ.
2. ಮೋಸವಾದರೆ ತಡಮಾಡದೆ, ಆ ವಿಷಯಕ್ಕೆ ಮಾತ್ರ ಉತ್ತರ ಕೊಡಿ. “ಆ ಲೆಕ್ಕದ ಭಾಗ ನಾನು ಮಾಡಿದ್ದು. ಮುಂದಿನ ಸಲ ಇಬ್ಬರ ಹೆಸರೂ ಇರಲಿ” ಎಂದರೆ ಸಾಕು.
3. ಅವರು ಸರಿಹೋದರೆ ಹಳೆಯದನ್ನು ಅಲ್ಲಿಗೇ ಬಿಡಿ.
4. ನಿಮ್ಮ ನಡೆ ಎಲ್ಲರಿಗೂ ಅರ್ಥವಾಗುವಂತಿರಲಿ. ಒಗಟಿನಂತೆ ನಡೆದುಕೊಳ್ಳುವವರನ್ನು ಯಾರೂ ನಂಬುವುದಿಲ್ಲ.

ತಪ್ಪು ತಿಳಿವಳಿಕೆಯ ಅಪಾಯ

ಮುಯ್ಯಿಗೆ ಮುಯ್ಯಿಗೂ ಒಂದು ದೋಷವಿದೆ. ಮರೆತು ಹೋದ ಒಂದು ಸಿಸಿಯನ್ನು ನೀವು ಬೇಕೆಂದೇ ಮಾಡಿದ್ದೆಂದು ತಿಳಿದರೆ, ಸೇಡಿಗೆ ಸೇಡು ಎಂದು ಜಗಳ ಮುಗಿಯುವುದೇ ಇಲ್ಲ. 1992ರಲ್ಲಿ ಮಾರ್ಟಿನ್ ನೊವಾಕ್ ಮತ್ತು ಕಾರ್ಲ್ ಸಿಗ್ಮಂಡ್, ಇಂಥ ಎಡವಟ್ಟುಗಳಿರುವ ಕಡೆ ಸ್ವಲ್ಪ ಉದಾರವಾದ ತಂತ್ರವೇ ಮೇಲು ಎಂದು ತೋರಿಸಿದರು. ಮೇಲಿನ ಅಂಕಗಳ ಲೆಕ್ಕದಲ್ಲಿ ಅದು ಸುಮಾರು ಮೂರು ತಪ್ಪಿಗೆ ಒಂದನ್ನು ಕ್ಷಮಿಸುತ್ತದೆ. ಹಾಗಾಗಿ ಉತ್ತರ ಕೊಡುವ ಮುನ್ನ ಒಮ್ಮೆ ಕೇಳಿ: “ಇದು ಹೇಗಾಯಿತು?”

ಈ ಆಟ ಎಲ್ಲಿ ಕೆಲಸ ಮಾಡುವುದಿಲ್ಲ?

ಮುಂದೆ ಭೇಟಿಯಾಗುವ ಸಾಧ್ಯತೆ ಇದ್ದಾಗ ಮಾತ್ರ ಸಹಕಾರಕ್ಕೆ ಬೆಲೆ. ನೋಟಿಸ್ ಪೀರಿಯಡ್‌ನಲ್ಲಿ ಕೆಲವರ ವರ್ತನೆ ಬದಲಾಗುವುದಕ್ಕೆ ಇದೂ ಒಂದು ಕಾರಣ. ಬಾಸ್ ಮತ್ತು ಕೈಕೆಳಗಿನವರ ನಡುವೆ ಬಲ ಸಮವಿಲ್ಲ. ಅಲ್ಲಿ ಮುಯ್ಯಿ ತೀರಿಸಲು ಹೋದರೆ ನಷ್ಟ ನಿಮಗೇ ಹೆಚ್ಚು. ಕೆಲಸದ ವಿವರಗಳನ್ನು ದಿನಾಂಕದ ಸಮೇತ ಬರೆದಿಟ್ಟುಕೊಳ್ಳುವುದು ಉತ್ತಮ.

ಇನ್ನು ಕಿರುಕುಳವನ್ನು ಆಟವೆಂದು ನೋಡಲೇಬಾರದು. ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆ ಇದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಸಾಮಾನ್ಯವಾಗಿ ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು.

ನೀವೇ ಆಡಿ ನೋಡಿ

ಸಹೋದ್ಯೋಗಿಗಳ ಜೊತೆ ಊಟದ ವೇಳೆಯಲ್ಲಿ ಆಡಬಹುದು. ಪ್ರತಿಯೊಬ್ಬರ ಬಳಿ ಎರಡು ಚೀಟಿ: ‘ಸೇರಿ’, ‘ನಾನೇ’. ಮಡಚಿಟ್ಟು ಒಟ್ಟಿಗೇ ತೆರೆಯಿರಿ, ಮೇಲಿನಂತೆ ಅಂಕ ಹಾಕಿ. ಎಷ್ಟು ಸುತ್ತು ಎಂದು ಮೊದಲೇ ಹೇಳಬೇಡಿ. ಜೋಡಿ ಬದಲಿಸುತ್ತಾ ಹೋಗಿ, ಕೊನೆಗೆ ಒಟ್ಟು ಅಂಕ ಕೂಡಿಸಿ.

ಒಟ್ಟಿನಲ್ಲಿ: “ಒಳ್ಳೆಯವರು ಸೋಲುತ್ತಾರೆ” ಎಂಬುದು ಅರ್ಧ ಸತ್ಯ. ಎಲ್ಲವನ್ನೂ ನುಂಗಿಕೊಳ್ಳುವ ಒಳ್ಳೆಯವರು ಸೋಲಬಹುದು. ತಿರುಗಿ ಮಾತಾಡಬಲ್ಲ, ಕ್ಷಮಿಸಲೂ ಬಲ್ಲ ಒಳ್ಳೆಯವರಿಗೆ ಈ ಪಂದ್ಯಗಳಲ್ಲಿ ಒಳ್ಳೆಯ ಫಲವೇ ಸಿಕ್ಕಿದೆ. ಆ ಸಂದೇಶ ಮತ್ತೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಇದನ್ನೂ ಜೊತೆಗೆ ಕಳಿಸಿ.