ಗ್ರಾಫಿಕ್ ವಿನ್ಯಾಸ ವೃತ್ತಿ: ಬೆಳಗೊಳ ಹೋಬಳಿಯ ಪದವೀಧರರಿಗೆ ಮಾಹಿತಿ

ಶ್ರೀರಂಗಪಟ್ಟಣ ತಾಲ್ಲೂಕು, ಬೆಳಗೊಳ ಹೋಬಳಿಯ ಪದವೀಧರರು ಗ್ರಾಫಿಕ್ ವಿನ್ಯಾಸವನ್ನು ವೃತ್ತಿಯಾಗಿ ಕೈಗೊಳ್ಳಲು ಕಲಾ ಪದವಿಯನ್ನೇ ಹೊಂದಿರಬೇಕೆಂಬ ನಿಯಮವಿರುವುದಿಲ್ಲ. ಮುದ್ರಣಾಲಯಗಳು ಹಾಗೂ ಜಾಹೀರಾತು ಸಂಸ್ಥೆಗಳು ಅಂಕಪಟ್ಟಿಗಿಂತ ಅಭ್ಯರ್ಥಿಯ ಕೆಲಸದ ಮಾದರಿಗಳನ್ನೇ ನೋಡುತ್ತವೆ. ಲಗ್ನಪತ್ರಿಕೆ, ಅಂಗಡಿಯ ನಾಮಫಲಕ, ಬೆಲ್ಲದ ಪೊಟ್ಟಣದ ಹೊದಿಕೆ ಇವೇ ಮೊದಲಾದ ಹತ್ತು ಹನ್ನೆರಡು ಮಾದರಿಗಳನ್ನು ಸಿದ್ಧಪಡಿಸಿಕೊಂಡ ನಂತರವೇ ಸಾಲಕ್ಕೆ ಅರ್ಜಿ ಸಲ್ಲಿಸುವುದು ಸೂಕ್ತ.

ಕ್ರಮಬದ್ಧವಾಗಿ ಕಲಿಯಲಿಚ್ಛಿಸುವವರಿಗೆ ಸಮೀಪದ ಮೈಸೂರಿನಲ್ಲಿ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು ಇರುತ್ತದೆ. ಇಲ್ಲಿ ಒಂದು ವಿಷಯ ಗಮನಾರ್ಹ. ಕಲಾ ಕಾಲೇಜುಗಳಲ್ಲಿ 'ಗ್ರಾಫಿಕ್ಸ್' ಎಂದರೆ ಮರ, ಲೋಹ, ಕಲ್ಲಿನ ಅಚ್ಚುಗಳಿಂದ ಚಿತ್ರ ಮುದ್ರಿಸುವ ಕಲೆ. ಜಾಹೀರಾತು ಮತ್ತು ಪುಸ್ತಕ ವಿನ್ಯಾಸ ಸೇರುವುದು 'ಅನ್ವಯಿಕ ಕಲೆ' ವಿಭಾಗಕ್ಕೆ. ಹೆಸರನ್ನು ಮಾತ್ರ ನೋಡಿ ವಿಭಾಗವನ್ನು ಆಯ್ಕೆ ಮಾಡಬಾರದು.

ಕನ್ನಡ ಅಕ್ಷರಗಳ ಜ್ಞಾನ ಈ ಭಾಗದಲ್ಲಿ ವಿಶೇಷ ಅರ್ಹತೆಯೇ ಸರಿ. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪಠ್ಯವು, ಆ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಪರಿಶೀಲಿಸಿ, ತಪ್ಪಿಲ್ಲದೆ ಅಚ್ಚಿಗೆ ಕಳುಹಿಸಬಲ್ಲವರನ್ನು ಮುದ್ರಣಾಲಯಗಳು ಬಿಟ್ಟುಕೊಡುವುದಿಲ್ಲ.

ಸ್ವಂತ ಘಟಕಕ್ಕೆ ಪ್ರಧಾನಮಂತ್ರಿ ಮುದ್ರಾ ಯೋಜನೆಯಡಿ (2015) ಬ್ಯಾಂಕುಗಳ ಮೂಲಕ ಸಾಲ ಪಡೆಯಬಹುದು. 'ಶಿಶು' ವರ್ಗದಲ್ಲಿ 50,000 ರೂ.ವರೆಗೆ, 'ಕಿಶೋರ್' ವರ್ಗದಲ್ಲಿ 5 ಲಕ್ಷ ರೂ.ವರೆಗೆ ಸಾಲ ದೊರೆಯುತ್ತದೆ. ಆಸ್ತಿ ಅಡಮಾನದ ಅಗತ್ಯವಿಲ್ಲ. ಆದರೆ ಇದು ಸಹಾಯಧನವಲ್ಲ, ಬಡ್ಡಿ ಸಹಿತ ಮರುಪಾವತಿಸತಕ್ಕದ್ದು. ಒಂದು ಗಣಕಯಂತ್ರದಿಂದ ಆರಂಭವಾಗುವ ಕೆಲಸಕ್ಕೆ ದೊಡ್ಡ ಸಾಲ ಅನವಶ್ಯಕ. ವಿಶೇಷವಾಗಿ ಫ್ಲೆಕ್ಸ್ ಮುದ್ರಣ ಯಂತ್ರ ಖರೀದಿಗೆ ಸಾಲ ಮಾಡುವ ಮುನ್ನ ಯೋಚಿಸಬೇಕು: ಪ್ಲಾಸ್ಟಿಕ್ ಫ್ಲೆಕ್ಸ್ ಮತ್ತು ಬ್ಯಾನರುಗಳ ತಯಾರಿಕೆ, ಮಾರಾಟ ಹಾಗೂ ಬಳಕೆಯನ್ನು ರಾಜ್ಯ ಸರ್ಕಾರವು 2016ರ ಮಾರ್ಚ್‌ನಲ್ಲಿ ನಿಷೇಧಿಸಿದೆ. ಜಾತ್ರೆ, ಹುಟ್ಟುಹಬ್ಬಗಳಲ್ಲಿ ಅವು ಕಾಣಸಿಗುತ್ತವೆಂದು ನೆಚ್ಚಿ ಬಂಡವಾಳ ಹೂಡುವುದು ಕ್ಷೇಮವಲ್ಲ.

ಯುವನಿಧಿ ಫಲಾನುಭವಿಗಳ ಗಮನಕ್ಕೆ: ಪದವೀಧರರಿಗೆ ಮಾಸಿಕ 3,000 ರೂ.ಗಳಂತೆ ಗರಿಷ್ಠ 2 ವರ್ಷ ನೀಡಲಾಗುವ ಈ ಭತ್ಯೆಗೆ, ಬ್ಯಾಂಕ್ ಸಾಲ ಪಡೆದು ಸ್ವಯಂ ಉದ್ಯೋಗ ಕೈಗೊಂಡವರು ಹಾಗೂ ಉನ್ನತ ವ್ಯಾಸಂಗ ಮುಂದುವರಿಸಿದವರು ಅರ್ಹರಲ್ಲ. ಆದ್ದರಿಂದ ಕಲಿಕೆಯ ಅವಧಿ ಮತ್ತು ಸಾಲದ ದಿನಾಂಕವನ್ನು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳಿತು.

ಘಟಕ ಆರಂಭಿಸಿದವರು ಆಧಾರ್ ಸಂಖ್ಯೆಯೊಂದಿಗೆ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಬಹುದು. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಗೆ ಯಾವುದೇ ಶುಲ್ಕವಿಲ್ಲ. ಮಧ್ಯವರ್ತಿಗಳಿಗೆ ಹಣ ನೀಡಬಾರದು. ಹೆಚ್ಚಿನ ಮಾಹಿತಿಗೆ ಮಂಡ್ಯದ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸುವುದು.