ಬಾಂಬು ಕಟ್ಟಿದವರು ಯಾರ ಕಡೆಯವರು?

1954ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನ ಮೂವರು ಸದಸ್ಯರ ಮಂಡಳಿಯೊಂದು, ಅಮೆರಿಕದ ಅಣುಬಾಂಬು ತಯಾರಿಕೆಯ ಮುಂದಾಳಾಗಿದ್ದ ರಾಬರ್ಟ್ ಒಪ್ಪೆನ್‌ಹೈಮರ್ ಕುರಿತು ಒಂದೇ ವರದಿಯಲ್ಲಿ ಎರಡು ತೀರ್ಮಾನ ಬರೆಯಿತು. ಇವರು ದೇಶನಿಷ್ಠರು, ಆದರೂ ಸರ್ಕಾರದ ರಹಸ್ಯಗಳನ್ನು ಇವರ ಕೈಗೆ ಕೊಡಬಾರದು. ಎರಡನೆಯ ಮಾತಿಗೆ ರಸಾಯನಶಾಸ್ತ್ರಜ್ಞ ವಾರ್ಡ್ ಇವಾನ್ಸ್ ಒಬ್ಬರೇ ಭಿನ್ನಮತ ದಾಖಲಿಸಿದರು. ಜೂನ್ 29ರಂದು ಅಣುಶಕ್ತಿ ಆಯೋಗ 4–1ರ ಬಹುಮತದಿಂದ ಬಾಗಿಲು ಮುಚ್ಚಿತು.

ಯುದ್ಧಾಸ್ತ್ರ ತಯಾರಿಸಿದ ವಿಜ್ಞಾನಿಗಳ ರಾಜಕೀಯ ನಿಷ್ಠೆಯ ಅಧ್ಯಯನ ಬೆಳೆದದ್ದು ಇಂಥ ಕಡತಗಳ ನೆರಳಿನಲ್ಲಿ. ಹಾಗಾಗಿ ಇತಿಹಾಸಕಾರರೂ ಬಹುಕಾಲ ಭದ್ರತಾ ಅಧಿಕಾರಿಯ ಪ್ರಶ್ನೆಯನ್ನೇ ಕೇಳುತ್ತ ಬಂದರು: ಈತ ಯಾರ ಕಡೆಯವನು? ನನ್ನ ಮಟ್ಟಿಗೆ, ಆ ಪ್ರಶ್ನೆಯನ್ನು ಕೈಬಿಟ್ಟು 'ಈತ ಮಾಡಿದ್ದೇನು' ಎಂದು ಕೇಳತೊಡಗಿದಾಗಲೇ ಈ ಕ್ಷೇತ್ರಕ್ಕೆ ಕಣ್ಣು ತೆರೆಯಿತು.

ಜರ್ಮನಿಯ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಸ್ಯಾಮ್ಯುಯೆಲ್ ಗೌಡ್‌ಸ್ಮಿಟ್ ಮಿತ್ರರಾಷ್ಟ್ರಗಳ ತನಿಖಾ ತಂಡದ ಜೊತೆ ಹೋಗಿ ಜರ್ಮನ್ ಪ್ರಯೋಗಾಲಯಗಳನ್ನು ಶೋಧಿಸಿದವರು. ಅವರ ತಂದೆತಾಯಿ ಆಶ್‌ವಿಟ್ಸ್‌ನಲ್ಲಿ ಕೊಲೆಯಾಗಿದ್ದರು. ನಾಜಿ ಆಡಳಿತವೂ ವಿಜ್ಞಾನಿಗಳ ಅಹಂಕಾರವೂ ಸೇರಿ ಬಾಂಬನ್ನು ಕೆಡಿಸಿದವು ಎಂದು ಅವರು 1947ರ 'ಆಲ್ಸೋಸ್' ಪುಸ್ತಕದಲ್ಲಿ ವಾದಿಸಿದರು. 1956ರಲ್ಲಿ ಪತ್ರಕರ್ತ ರಾಬರ್ಟ್ ಯುಂಕ್ ಇದಕ್ಕೆ ತದ್ವಿರುದ್ಧವಾದ ಚಿತ್ರ ಕೊಟ್ಟರು: ಜರ್ಮನ್ ಯೋಜನೆಯ ಪ್ರಮುಖ ಭೌತವಿಜ್ಞಾನಿ ಹೈಸನ್‌ಬರ್ಗ್ ಮತ್ತು ಸಂಗಡಿಗರು ಆತ್ಮಸಾಕ್ಷಿಗೆ ಅಂಜಿ ಕೈ ತಡೆದರು. ಹೈಸನ್‌ಬರ್ಗ್ ಅವರಿಗೆ ಈ ಚಿತ್ರದಿಂದ ಲಾಭವಾಯಿತು. ಯುಂಕ್ ಮುಂದೆ ತಾವೇ ಅದರಿಂದ ಹಿಂದೆ ಸರಿದರು.

1989ರಲ್ಲಿ ಮಾರ್ಕ್ ವಾಕರ್ ಈ ಎರಡನ್ನೂ ಬದಿಗಿಟ್ಟು ಯೋಜನೆಯ ಕಾಗದಪತ್ರಗಳನ್ನೇ ಓದಿದರು. ಯುದ್ಧ ಮುಗಿಯುವ ಮೊದಲು ಬಾಂಬು ಸಿದ್ಧವಾಗದೆಂದು ಜರ್ಮನ್ ಸೇನೆ 1942ರ ಹೊತ್ತಿಗೆ ಲೆಕ್ಕ ಹಾಕಿತ್ತು. ವಿಜ್ಞಾನಿಗಳು ಕೊಟ್ಟ ಹಣದಲ್ಲಿ ಕೊಟ್ಟ ಕೆಲಸ ಮಾಡುತ್ತ ಹೋದರು. ಇಲ್ಲಿ ವೀರರೂ ಇರಲಿಲ್ಲ, ವಿಧ್ವಂಸಕರೂ ಇರಲಿಲ್ಲ. 1992ರಲ್ಲಿ ಫಾರ್ಮ್ ಹಾಲ್ ದಾಖಲೆಗಳು ಹೊರಬಿದ್ದವು. ಕೇಂಬ್ರಿಡ್ಜ್ ಸಮೀಪದ ಆ ಮನೆಯಲ್ಲಿ ಹತ್ತು ಜರ್ಮನ್ ವಿಜ್ಞಾನಿಗಳನ್ನು 1945ರ ಜುಲೈಯಿಂದ ಆರು ತಿಂಗಳು ಇಟ್ಟು, ಗುಪ್ತ ಮೈಕ್ರೊಫೋನುಗಳಿಂದ ಅವರ ಮಾತು ಕದ್ದು ಕೇಳಲಾಗಿತ್ತು. ಹಿರೋಷಿಮಾ ಸುದ್ದಿ ಬಂದ ಸಂಜೆ ಹೈಸನ್‌ಬರ್ಗ್ ಮೊದಲು ನಂಬಲೇ ಇಲ್ಲ. ಬಾಂಬಿಗೆ ಟನ್ನುಗಟ್ಟಲೆ ಯುರೇನಿಯಂ ಬೇಕೆಂಬ ಅಂದಾಜು ಅವರದಾಗಿತ್ತು. ಸರಿಸುಮಾರು ಸರಿಯಾದ ಲೆಕ್ಕ ಕೈಗೆ ಬಂದದ್ದು ಒಂದು ವಾರದ ಮೇಲೆ. ನಾವು ಬಾಂಬನ್ನು ಬಯಸಿರಲೇ ಇಲ್ಲ ಎಂಬ ವಾದ ರೂಪುಗೊಂಡಿದ್ದು ಆ ಮನೆಯ ಊಟದ ಮೇಜಿನ ಸುತ್ತ ಎಂದು, ಅಲ್ಲೇ ಬಂಧಿಯಾಗಿದ್ದ ಮಾಕ್ಸ್ ಫಾನ್ ಲಾವ್ 1959ರ ಪತ್ರವೊಂದರಲ್ಲಿ ಬರೆದಿದ್ದರು. ಅದಾದ ಮೇಲೂ ಥಾಮಸ್ ಪವರ್ಸ್ (1993) ಹೈಸನ್‌ಬರ್ಗ್ ಪರವಾಗಿ, ಪಾಲ್ ಲಾರೆನ್ಸ್ ರೋಸ್ (1998) ವಿರುದ್ಧವಾಗಿ ದಪ್ಪ ಪುಸ್ತಕಗಳನ್ನು ಬರೆದರು. 2002ರಲ್ಲಿ ಪ್ರಕಟವಾದ, ಡೆನ್ಮಾರ್ಕಿನ ಭೌತವಿಜ್ಞಾನಿ ನೀಲ್ಸ್ ಬೋರ್ ಅವರ ಕಳಿಸದೆ ಉಳಿದ ಪತ್ರಗಳು ಮಾತ್ರ ಖಚಿತವಾಗಿವೆ: 1941ರಲ್ಲಿ ಕೋಪನ್‌ಹೇಗನ್ನಿಗೆ ಬಂದ ಹೈಸನ್‌ಬರ್ಗ್ ಜರ್ಮನಿ ಗೆಲ್ಲುತ್ತದೆಂಬ ವಿಶ್ವಾಸದಲ್ಲೇ ಮಾತಾಡಿದ್ದರು.

ಗೂಢಚರ್ಯೆಯ ಕಡೆ ಕಥೆ ಬೇರೆ ದಾರಿ ಹಿಡಿಯಿತು. ಕ್ಲಾಸ್ ಫುಕ್ಸ್ 1932ರಲ್ಲಿ ಜರ್ಮನ್ ಕಮ್ಯುನಿಸ್ಟ್ ಪಕ್ಷ ಸೇರಿ, ಹಿಟ್ಲರ್ ಬಂದ ಮೇಲೆ ಬ್ರಿಟನ್ನಿಗೆ ಓಡಿಬಂದವರು. ಎಡಿನ್‌ಬರೋದಲ್ಲಿ ಅವರಿಗೆ ಆಸರೆಯಾದವರು ಮಾಕ್ಸ್ ಬಾರ್ನ್. ಬೆಂಗಳೂರಿಗೂ ಬಾರ್ನ್ ಅಪರಿಚಿತರಲ್ಲ, ಸಿ. ವಿ. ರಾಮನ್ ಕರೆಯ ಮೇರೆಗೆ 1935–36ರಲ್ಲಿ ಇಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಕೆಲ ತಿಂಗಳು ಇದ್ದವರು. ಬಾಂಬಿನ ಕೆಲಸದಿಂದ ಬಾರ್ನ್ ದೂರ ಉಳಿದರು. ಶಿಷ್ಯ 1941ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋಗಿ ಆ ಕೆಲಸಕ್ಕೆ ಸೇರಿದ್ದಲ್ಲದೆ, ಅದರ ರಹಸ್ಯಗಳನ್ನು ಸೋವಿಯತ್ತರಿಗೆ ಮುಟ್ಟಿಸತೊಡಗಿದರು. ಇಬ್ಬರೂ ನಾಜಿಗಳಿಂದ ಪಾರಾಗಿ ಬಂದವರೇ. 1950ರಲ್ಲಿ ಫುಕ್ಸ್‌ಗೆ 14 ವರ್ಷದ ಶಿಕ್ಷೆಯಾದಾಗ 'ದ್ರೋಹಿ' ಎಂದು ಬರೆದು ಮುಗಿಸಲಾಯಿತು.

ಅಷ್ಟಕ್ಕೆ ಮುಗಿಯದೆಂದು ಗೊತ್ತಾದದ್ದು 1995ರಲ್ಲಿ. ಅಮೆರಿಕ ಬಿಡಿಸಿ ಓದಿದ್ದ ಸೋವಿಯತ್ ಗೂಢಲಿಪಿ ಸಂದೇಶಗಳು, ವೆನೋನಾ ದಾಖಲೆಗಳು, ಬಹಿರಂಗವಾಗತೊಡಗಿದವು. ಅದರಲ್ಲಿ ಸಿಕ್ಕ ಹೆಸರು ಟೆಡ್ ಹಾಲ್. ಅಮೆರಿಕದ ಬಾಂಬು ಪ್ರಯೋಗಾಲಯವಾದ ಲಾಸ್ ಅಲಾಮೊಸ್ ಸೇರಿದಾಗ 18ರ ಹುಡುಗ. ಬಾಂಬು ಒಂದೇ ದೇಶದ ಕೈಯಲ್ಲಿದ್ದರೆ ಅಪಾಯ ಎಂದುಕೊಂಡು 1944ರ ಕೊನೆಯಲ್ಲಿ ಆತ ಸೋವಿಯತ್ತರ ಸಂಪರ್ಕಕ್ಕೆ ಬಂದ. ಹೆಚ್ಚು ಕಡಿಮೆ ಅದೇ ದಿನಗಳಲ್ಲಿ ಜೋಸೆಫ್ ರೋಟ್‌ಬ್ಲಾಟ್, ಜರ್ಮನ್ ಬಾಂಬು ಇಲ್ಲವೆಂದ ಮೇಲೆ ನಮ್ಮ ಬಾಂಬು ಏಕೆ ಎಂದು ಲಾಸ್ ಅಲಾಮೊಸ್ ಬಿಟ್ಟು ಹೊರಟರು. ಭದ್ರತಾ ಅಧಿಕಾರಿಗಳು ಸೋವಿಯತ್ ಗೂಢಚಾರ ಎಂದು ಶಂಕಿಸಿದ್ದು ಹೊರಟವರನ್ನು! ಹಾಲ್ ಮೇಲೆ ಮೊಕದ್ದಮೆಯೇ ಆಗಲಿಲ್ಲ. ನಿಷ್ಠೆಯನ್ನು ಅಳೆಯುವ ಯಂತ್ರ ಎಷ್ಟು ಕುರುಡಾಗಿತ್ತೆಂಬುದಕ್ಕೆ ಇನ್ನೊಂದು ಉದಾಹರಣೆ ಬೇಡ.

ರಷ್ಯಾದ ಕಡೆಯ ಚಿತ್ರ ತುಂಬಿದ್ದು ಡೇವಿಡ್ ಹಾಲೊವೇ 1994ರಲ್ಲಿ ಬರೆದ 'ಸ್ಟಾಲಿನ್ ಅಂಡ್ ದ ಬಾಂಬ್' ಕೃತಿಯಿಂದ. ಜೈಲಿನ ರುಚಿ ಕಂಡಿದ್ದ ಲೆವ್ ಲ್ಯಾಂಡೌ ಭಯದಿಂದ ದುಡಿದು, ಸ್ಟಾಲಿನ್ ಸತ್ತೊಡನೆ ಕೈತೊಳೆದುಕೊಂಡರು. ಬಾಂಬು ಯೋಜನೆಯ ಮೇಲ್ವಿಚಾರಕ ಬೇರಿಯಾ ಜೊತೆ ಕೆಲಸ ಮಾಡಲಾರೆನೆಂದ ಪ್ಯೋತ್ರ್ ಕಪಿತ್ಸಾ ಹುದ್ದೆ ಕಳೆದುಕೊಂಡರು.

ಒಪ್ಪೆನ್‌ಹೈಮರ್ ಬಗ್ಗೆ ಜಗಳ ಇನ್ನೂ ಹಳೆಯ ಜಾಡಿನಲ್ಲೇ ಇದೆ. ಅವರು ಕಮ್ಯುನಿಸ್ಟ್ ಪಕ್ಷದ ಗುಪ್ತ ಘಟಕದಲ್ಲಿದ್ದರೆಂದು ಗ್ರೆಗ್ ಹರ್ಕೆನ್ 2002ರಲ್ಲಿ ವಾದಿಸಿದರು. 2005ರಲ್ಲಿ ಬರ್ಡ್ ಮತ್ತು ಶರ್ವಿನ್ ಒಪ್ಪಲಿಲ್ಲ. 2022ರ ಡಿಸೆಂಬರಿನಲ್ಲಿ ಅಮೆರಿಕ ಸರ್ಕಾರ 1954ರ ತೀರ್ಪನ್ನು ರದ್ದುಮಾಡುತ್ತ, ಅವರ ನಿಷ್ಠೆ ಮತ್ತಷ್ಟು ದೃಢಪಟ್ಟಿದೆ ಎಂದು ಸಾರಿತು. ಅನ್ಯಾಯ ಸರಿಹೋದದ್ದು ಸಂತೋಷವೇ. ಆದರೆ ಮಂಡಳಿ ಆಗಲೇ ಒಪ್ಪಿದ್ದ ಮಾತನ್ನು ಮತ್ತೆ ಒಪ್ಪಿದ್ದರಿಂದ ನಮಗೆ ಹೊಸದಾಗಿ ತಿಳಿದದ್ದೇನು?

'ಈತ ಯಾರ ಕಡೆಯವನು' ಎಂಬ ಪ್ರಶ್ನೆ ಎಷ್ಟನ್ನು ಮುಚ್ಚಿಟ್ಟಿತ್ತೆಂಬುದು ಕಾಣುವುದು ರಾಕೆಟ್ ವಿಜ್ಞಾನಿಗಳಲ್ಲಿ. ವರ್ನರ್ ಫಾನ್ ಬ್ರೌನ್ 1937ರಲ್ಲಿ ನಾಜಿ ಪಕ್ಷ, 1940ರಲ್ಲಿ ಎಸ್‌ಎಸ್ ಸೇರಿದ್ದವರು, 1945ರಲ್ಲಿ ಅಮೆರಿಕಕ್ಕೆ ಬಂದರು. ಅವರಂಥವರನ್ನು ಒಳಗೆ ಬಿಡಲು ಕಡತಗಳನ್ನು ತಿದ್ದಲಾಗಿತ್ತೆಂದು ಪತ್ರಕರ್ತೆ ಲಿಂಡಾ ಹಂಟ್ 1985ರಲ್ಲಿ ತೋರಿಸಿದರು. ಮೈಕೆಲ್ ನ್ಯೂಫೆಲ್ಡ್ 1995ರ ಪುಸ್ತಕದಲ್ಲಿ ವಿ–2 ರಾಕೆಟ್ಟಿನ ಇತಿಹಾಸದ ನಡುವಿಗೇ ಗುಲಾಮ ದುಡಿಮೆಯನ್ನು ತಂದಿಟ್ಟರು. ಮಿಟೆಲ್‌ಬಾವ್–ಡೋರಾ ಶಿಬಿರಗಳಿಗೆ ತಂದ ಸುಮಾರು 60,000 ಕೈದಿಗಳಲ್ಲಿ ಮೂರನೇ ಒಂದು ಭಾಗ ಸತ್ತರು. ರಾಕೆಟ್ಟುಗಳನ್ನು ಜೋಡಿಸುತ್ತಿದ್ದ ಸುರಂಗದಲ್ಲಿ ಉತ್ಪಾದನೆಯ ಹೊಣೆ ಹೊತ್ತಿದ್ದವರು ಆರ್ಥರ್ ರುಡಾಲ್ಫ್. ಚಂದ್ರನತ್ತ ಮನುಷ್ಯರನ್ನು ಒಯ್ದ ಸ್ಯಾಟರ್ನ್–5 ಯೋಜನೆಯನ್ನು ಮುಂದೆ ನಡೆಸಿದವರೂ ಅವರೇ. 1984ರಲ್ಲಿ ಅವರು ಅಮೆರಿಕದ ಪೌರತ್ವ ಬಿಟ್ಟು ಪಶ್ಚಿಮ ಜರ್ಮನಿಗೆ ಮರಳಬೇಕಾಯಿತು. ಹೊಸ ದೇಶಕ್ಕೆ ಅವರು ತೋರಿದ ನಿಷ್ಠೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ತನಿಖೆಗಾರರು ಕೇಳಿದ್ದು ಡೋರಾದ ಕೈದಿಗಳ ಬಗ್ಗೆ.